ಬೇಳೆಯೊಳಗಿನ ಕೀಲಿ

ತೊಗರಿಬೇಳೆಯ ಡಬ್ಬಿಯಲ್ಲಿ ಕೈಯನ್ನು ಮಣಿಕಟ್ಟಿನವರೆಗೆ ಇಳಿಸಿದರೆ ಕೆಳಕೆಳಗೆ ಹೋದಂತೆ ತಣ್ಣಗಾಗುತ್ತದೆ. ಆ ತಂಪಿನ ತಳದಲ್ಲಿ ಬೆರಳಿಗೆ ಕಬ್ಬಿಣ ತಾಗಿದ ಮೇಲೆಯೇ ನಾನು ಉಸಿರುಬಿಡುತ್ತಿದ್ದೆ. ಆರು ವರ್ಷ, ಬೆಳಿಗ್ಗೆ ಸಂಜೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಹೀಗೆ ಬೇಳೆಯಲ್ಲಿ ಕೈಯಾಡಿಸಿದ್ದೇನೆ.

ನಾನು ಊರಿನ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದೆ. ಅಲ್ಲಿನ ಭದ್ರಕೋಣೆಗೆ ಎರಡು ಕೀಲಿ. ಒಂದು ಮ್ಯಾನೇಜರ್ ನಂಜುಂಡಯ್ಯನವರ ಬಳಿ, ಇನ್ನೊಂದು ನನ್ನ ಬಳಿ. ಎರಡೂ ಕೂಡಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಕೀಲಿ ಒಂದು ನಿಮಿಷ ಇನ್ನೊಬ್ಬರ ಕೈಗೆ ಹೋದರೂ ಬರೆದು ತಿಳಿಸಬೇಕು, ಬೀಗವನ್ನೇ ಬದಲಾಯಿಸಬೇಕು ಎಂಬುದು ನಿಯಮ. ಅದನ್ನು ಬಚ್ಚಿಡುವ ಜಾಗವನ್ನು ನಾನು ಯಾರಿಗೂ ಹೇಳಿರಲಿಲ್ಲ, ಜೊತೆಯಲ್ಲೇ ಇದ್ದ ತಮ್ಮ ಮುಕುಂದನಿಗೂ.

ಮುಕುಂದ ಬರೆಯುತ್ತಿದ್ದ. ಹತ್ತು ವರ್ಷ ಅವನು ಕಳಿಸಿದ್ದೆಲ್ಲ ವಾಪಸು ಬಂದಿತ್ತು. ಕೊನೆಗೆ ಟೀವಿಯವರು ಅವನ ಧಾರಾವಾಹಿಯೊಂದನ್ನು ಒಪ್ಪಿಕೊಂಡರು. ಬ್ಯಾಂಕ್ ದರೋಡೆಯ ಕತೆ. ಮೊದಲ ಕಂತು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಅಂದು ನಮ್ಮ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರುಮನೆಯ ವನಜಾಕ್ಷಮ್ಮ ಉಪ್ಪಿಟ್ಟಿನ ಪಾತ್ರೆ ಹಿಡಿದೇ ಬಂದಿದ್ದರು.

"ಏನಪ್ಪಾ ಮುಕುಂದ, ಕಳ್ಳರು ಸಿಕ್ಕಿಬೀಳ್ತಾರೋ ಇಲ್ವೋ? ಅಷ್ಟು ಹೇಳಿಬಿಡು. ನಂಗೆ ಬಿ.ಪಿ. ಇದೆ."

"ಇಪ್ಪತ್ತಾರು ವಾರ ತಡ್ಕೊಳ್ಳಿ. ಮಾತ್ರೆ ಬೇಕಾದ್ರೆ ನಾನೇ ತಂದ್ಕೊಡ್ತೀನಿ."

ಕಂತು ಶುರುವಾಯಿತು. ಬ್ಯಾಂಕಿನೆದುರು ಬಾಡಿಗೆ ಕೋಣೆ ಹಿಡಿದ ನಾಲ್ವರು, ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳನ್ನು ಕಿಟಕಿಯಿಂದ ಗಮನಿಸುತ್ತಿದ್ದರು. ಅವಳು ತಿರುವು ದಾಟುವಷ್ಟರಲ್ಲಿ ಮೂರು ಸಲ ಕೈಚೀಲ ಮುಟ್ಟಿಕೊಂಡಳು. ಎಲ್ಲರೂ ನಕ್ಕರು. ಅವಳು ಮನೆಗೆ ಬಂದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ಪರದೆಯ ತುಂಬ ಬೇಳೆ. ಅದರೊಳಗೆ ಒಂದು ಕೈ ಮಣಿಕಟ್ಟಿನವರೆಗೆ ಇಳಿಯಿತು.

"ಅಯ್ಯೋ, ಇದು ನಮ್ಮ ಬ್ಯಾಂಕ್ ಮೇಡಮ್ಮೇ ಕಣ್ರೀ!" ಎಂದು ಯಾರೋ ಕೂಗಿದರು.

ಎಲ್ಲರೂ ನನ್ನತ್ತ ತಿರುಗಿದರು. ನಾನು ನಕ್ಕೆ. ಎದ್ದು ಹೋಗಿ ಡಬ್ಬಿ ನೋಡಿದರೆ ಹೌದು ಎಂದು ಒಪ್ಪಿಕೊಂಡಂತೆ. ಆದ್ದರಿಂದ ಕೂತೇ ಇದ್ದೆ. ಮುಕುಂದನೊಬ್ಬ ತಿರುಗಲಿಲ್ಲ.

ವನಜಾಕ್ಷಮ್ಮ ಎದ್ದರು. "ಎಲ್ರಿಗೂ ಕಾಫಿ ಮಾಡ್ತೀನಿ. ನೀನು ಕೂತ್ಕೋ, ತಮ್ಮಂದು ನೋಡು."

ಪರದೆಯಲ್ಲಿ ಕಳ್ಳರು ಏನು ಮಾಡಿದರೋ ತಿಳಿಯದು. ನಾನು ಅಡುಗೆಮನೆಯನ್ನೇ ಕೇಳಿಸಿಕೊಳ್ಳುತ್ತಿದ್ದೆ. ಒಲೆ ಹೊತ್ತಿತು. ಲೋಟಗಳ ಸದ್ದು. ಆಮೇಲೆ, ಹೆಬ್ಬೆರಳಿನಿಂದ ಮೀಟಿದಾಗ ಟಕ್ಕೆನ್ನುವ ಆ ಮುಚ್ಚಳ. ನಾನು ಎದ್ದುಬಿಟ್ಟೆ.

ವನಜಾಕ್ಷಮ್ಮ ಬೇಳೆಯೊಳಗಿಂದ ಕೈ ಹಿರಿಯುತ್ತಿದ್ದರು. ಬಳೆಗೆ ಕಾಳು ಅಂಟಿತ್ತು. "ತಮಾಷೆಗೆ ನೋಡ್ದೆ ಕಣೇ. ಏನೂ ಇಲ್ಲ, ಬರೀ ಬೇಳೆ."

"ಮತ್ತೇನಿರುತ್ತೆ?" ಎಂದೆ.

ಅವರು ಕಾಫಿಯೊಂದಿಗೆ ಹೋದ ಮೇಲೆ ನಾನು ಕೈ ಹಾಕಿದೆ. ತಳ ಸಿಕ್ಕಿತು, ಕೀಲಿ ಸಿಗಲಿಲ್ಲ. ಡಬ್ಬಿಯನ್ನು ಮೊರಕ್ಕೆ ಸುರಿದೆ. ನಿಜಕ್ಕೂ ಬರೀ ಬೇಳೆ.

ಮುಕುಂದ ಒಳಗೆ ಬಂದು ಬಾಗಿಲು ಹಾಕಿದ. ಅಂಗಿಯ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ನನ್ನ ಕೈಗಿಟ್ಟ. ಗಂಟು ಬಿಚ್ಚದೆಯೇ ಅದರ ಭಾರ ನನಗೆ ಗೊತ್ತಾಯಿತು.

"ಇವತ್ತು ಇದನ್ನ ತೋರಿಸ್ತಾರೆ ಅಂತ ಗೊತ್ತಿತ್ತಲ್ಲಕ್ಕ. ನೀನು ಸ್ನಾನಕ್ಕೆ ಹೋದಾಗ ತೆಗೆದಿಟ್ಕೊಂಡೆ."

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಮೊದಲನೇ ವರ್ಷದಿಂದ. ಬಾಗಿಲು ಹಾಕಿದ್ರೂ ಮುಚ್ಚಳದ ಸದ್ದು ಕೇಳ್ತಿತ್ತು."

"ಬರೆಯೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದೆ." ನಿಜ, ಹಾಗೇ ಅನ್ನುತ್ತಿದ್ದೆ. ಅವನು ದನಿ ತಗ್ಗಿಸಿದ. "ಬ್ಯಾಂಕಲ್ಲಿ ಹೇಳ್ಬೇಡಕ್ಕ. ದೂರು ಹೋದ್ರೆ ಟೀವಿಯವರು ನನ್ನ ಕೈಬಿಡ್ತಾರೆ."

ಹಜಾರದಲ್ಲಿ ಚಪ್ಪಾಳೆ. "ಮುಕುಂದಾ, ಬಾರೋ! ನಿನ್ನ ಹೆಸರು ಬಂತು!" ಅವನು ಹೊರಗೆ ಓಡುವಷ್ಟರಲ್ಲಿ ಹೆಸರು ಹೋಗಿತ್ತು.

ಸೋಮವಾರ ನಂಜುಂಡಯ್ಯನವರು ನನ್ನನ್ನು ನೋಡಿದೊಡನೆ ನಕ್ಕರು. "ಬನ್ನಿ ಮೇಡಂ. ನಮ್ಮನೆಯವಳು ಕೇಳ್ತಿದ್ಲು, ಕಬ್ಬಿಣದ ಜೊತೆ ಬೇಳೆ ಚೆನ್ನಾಗಿ ಬೇಯುತ್ತಾ ಅಂತ."

ನಾನೂ ನಕ್ಕಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಊರಿನ ಅರ್ಧ ಒಡವೆ ಆ ಕೋಣೆಯಲ್ಲಿತ್ತು. ರಾತ್ರಿಯೆಲ್ಲ ತಿದ್ದಿ ತಿದ್ದಿ ಬರೆದ ಎರಡು ಸಾಲನ್ನು ಅವರ ಮುಂದಿಟ್ಟೆ: ನಿನ್ನೆ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕೀಲಿ ನನ್ನ ವಶದಲ್ಲಿರಲಿಲ್ಲ. ಬೀಗ ಬದಲಾಯಿಸಬೇಕೆಂದು ಕೋರುತ್ತೇನೆ.

ಅವರ ನಗು ನಿಂತಿತು. "ಯಾರ ಹತ್ರ ಇತ್ತು?"

"ನನ್ನ ತಮ್ಮನ ಹತ್ರ ಸರ್."

"ಹೆಸರು ಬರೀರಿ."

ಬರೆದೆ.

ಗುರುವಾರ ಬೀಗ ಬದಲಾಯಿತು. ಹೊಸ ಕೀಲಿ ಬೇರೊಬ್ಬರ ಪಾಲಾಯಿತು. ಬ್ಯಾಂಕಿನಿಂದ ದೂರು ಹೋಗಿ, ಶನಿವಾರ ಟೀವಿಯವರ ಕಾಗದ ಬಂತು. ಚಿತ್ರೀಕರಣ ಮುಗಿದ ಎರಡನೆಯ ಕಂತಿನ ನಂತರದ್ದನ್ನು ಬೇರೆಯವರು ಬರೆಯುತ್ತಾರೆ ಎಂದಿತ್ತು. ಮುಕುಂದ ಓದಿ ಮಡಿಸಿಟ್ಟ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಹತ್ತು ಗಂಟೆಗೆ ನಮ್ಮ ಟೀವಿ ಹಚ್ಚಲಿಲ್ಲ. ಇಬ್ಬರೂ ಎದುರುಬದುರು ಕೂತು ತಿಂಡಿ ತಿನ್ನುತ್ತಿದ್ದೆವು. ಬೀದಿಯ ಮನೆಮನೆಯ ಕಿಟಕಿಗಳಿಂದ ಒಂದೇ ಕತೆ ಕೇಳಿಬರುತ್ತಿತ್ತು. ಮುಕುಂದ ತಟ್ಟೆಯಿಂದ ತಲೆಯೆತ್ತಲಿಲ್ಲ. ಅವನ ತುಟಿ ಮಾತ್ರ ಸದ್ದಿಲ್ಲದೆ ಆಡುತ್ತಿತ್ತು, ಹೊರಗಿನ ಪ್ರತಿ ಮಾತಿಗಿಂತ ಒಂದು ಕ್ಷಣ ಮೊದಲು.