ಹನ್ನೊಂದು ನಿಮಿಷದ ಯಂತ್ರ

ಹಳೆಯ ಕಂಪ್ಯೂಟರು ಕೈಕೊಟ್ಟದ್ದು ಒಂದು ಭಾನುವಾರ ಮಧ್ಯಾಹ್ನ. ತಂಗಿಯ ಹೆರಿಗೆಗೆ ಡಾಕ್ಟರು ಹೇಳಿದ ದಿನಕ್ಕೆ ಆಗ ಇನ್ನು ಹತ್ತೊಂಬತ್ತು ದಿನ ಉಳಿದಿತ್ತು. ಪರದೆ ಒಮ್ಮೆ ನೀಲಿಯಾಯಿತು, ಪೆಟ್ಟಿಗೆಯೊಳಗೆ ಏನೋ ಚಟ್ ಅಂದಿತು, ಸುಟ್ಟ ವಾಸನೆ ಬಂತು. ಅಕ್ಕ ಹೆಡ್‌ಫೋನ್ ಕೂಡ ತೆಗೆಯದೆ ಕಪ್ಪು ಪರದೆಯಲ್ಲಿ ತನ್ನದೇ ಮುಖ ನೋಡುತ್ತ ಕುಳಿತಳು.

ಫೋನು ಬಡಿದುಕೊಂಡಿತು. ತಂಗಿ.

"ಎಲ್ಲಿ ಹೋದೆ? ನಿನ್ನ ಗೊಂಬೆ ಇಲ್ಲಿ ಕಲ್ಲಿನ ಥರ ನಿಂತಿದೆ."

"ಕಂಪ್ಯೂಟರ್ ಹೋಯ್ತು ಕಣೆ."

"ಹೋಯ್ತು ಅಂದ್ರೆ? ವಾಪಸ್ ಬರತ್ತಾ?"

"ವಾಸನೆ ನೋಡಿದ್ರೆ ಬರೋ ಹಾಗೆ ಕಾಣಲ್ಲ."

ಅವರಿಬ್ಬರೂ ಆಡುತ್ತಿದ್ದದ್ದು ನೀರಿನಲ್ಲಿ ಮುಳುಗಿದ ಒಂದು ಊರಿನ ಆಟ. ಇಬ್ಬರು ಮುಳುಗುಗಾರರು ಬೀದಿ ಬೀದಿ ಹುಡುಕುತ್ತ, ಕೊನೆಗೆ ಊರಾಚೆಯ ದೊಡ್ಡ ತೂಬಿನ ಬಾಗಿಲು ತೆರೆದು ನೀರನ್ನೆಲ್ಲ ಹೊರಗೆ ಬಿಡಬೇಕು. ತಂಗಿ ಮದುವೆಯಾಗಿ ದೂರ ಹೋದಮೇಲೆ ಶುರುಮಾಡಿದ್ದು. ಸುಮ್ಮನೆ ಫೋನು ಮಾಡಿದರೆ ಊಟ ಆಯಿತಾ, ಆಯಿತು, ಮತ್ತೇನು, ಮತ್ತೇನಿಲ್ಲ ಎನ್ನುವಲ್ಲಿಗೆ ಮಾತು ಬತ್ತಿಹೋಗುತ್ತಿತ್ತು. ಆಟದಲ್ಲಾದರೆ ಕೈಗೆ ಕೆಲಸವಿರುತ್ತಿತ್ತು, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಬಸುರಾದ ಸುದ್ದಿಯನ್ನು ತಂಗಿ ಅಕ್ಕನಿಗೆ ಹೇಳಿದ್ದು ಆ ಊರಿನ ಮುಳುಗಿದ ಅಂಚೆ ಕಚೇರಿಯಲ್ಲಿ, ಏಣಿ ಹತ್ತುತ್ತ.

ಈಗ ಉಳಿದದ್ದು ತೂಬಿನ ಬಾಗಿಲೊಂದೇ. ಅದಕ್ಕೆ ಎರಡು ಚಕ್ರ, ಇಬ್ಬರೂ ಒಟ್ಟಿಗೆ ತಿರುಗಿಸಬೇಕು. ಮಗು ಬರುವುದರೊಳಗೆ ಮುಗಿಸಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಮಗು ಬಂದಮೇಲೆ ಮಾಡೋಣ ಎಂದವರನ್ನು ಅಕ್ಕ ಬೇಕಾದಷ್ಟು ಕಂಡಿದ್ದಳು. ಅವಳ ಜೊತೆಯಲ್ಲಿ ಕೆಲಸ ಮಾಡುವವಳ ಹೊಲಿಗೆ ಯಂತ್ರದ ಮೇಲೆ ನಾಲ್ಕು ವರ್ಷದಿಂದ ಮಗುವಿನ ಬಟ್ಟೆ ಒಣಗುತ್ತಿತ್ತು.

ಸೋಮವಾರ ಕೆಲಸ ಬಿಟ್ಟವಳೇ ಕಂಪ್ಯೂಟರ್ ಅಂಗಡಿಗೆ ಹೋದಳು. ಗಾಜಿನ ಹಿಂದೆ ಕಪ್ಪು ಪೆಟ್ಟಿಗೆಯೊಂದು ಸಿದ್ಧವಾಗಿ ಕುಳಿತಿತ್ತು. ಅಂಗಡಿಯವಳು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, "ಈಗ ತಗೊಂಡ್ರೆ ಇನ್ನೊಂದು ಗಂಟೇಲಿ ಮನೇಲಿ ಆಡ್ತಿರ್ತೀರಿ" ಎಂದಳು.

ಆಗಲೇ ಅದನ್ನು ಕೊಂಡು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಕ್ಕ ಮಾವನಿಗೆ ಒಂದು ಫೋನು ಮಾಡಿದಳು.

ಮಾವ ಅಂದರೆ ಅಮ್ಮನ ತಮ್ಮ. ಮೂವತ್ತು ವರ್ಷದಿಂದ ಕಚೇರಿಗಳ ಜೆರಾಕ್ಸ್ ಯಂತ್ರ ರಿಪೇರಿ ಮಾಡುವವನು. ಮನೆಯಲ್ಲಿ ತಂತಿ ಇರುವ ಯಾವ ವಸ್ತುವನ್ನೂ ಅವನನ್ನು ಕೇಳದೆ ಕೊಳ್ಳುವಂತಿರಲಿಲ್ಲ. ಕೇಳಿದರೆ ಕೊಳ್ಳಲು ಆಗುತ್ತಿರಲಿಲ್ಲ.

"ಮುಟ್ಟಬೇಡ, ನಾನು ಬರ್ತೀನಿ" ಎಂದ. ಹತ್ತು ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದು, ಗಾಜಿಗೆ ಮೂಗು ಒತ್ತಿ ಪೆಟ್ಟಿಗೆಯನ್ನು ನೋಡಿದ.

"ಹೊರಗೆ ಬಣ್ಣದ ದೀಪ, ಒಳಗೆ ಕಡಲೆಕಾಯಿ ಸಿಪ್ಪೆ. ಪವರ್ ಸಪ್ಲೈ ಯಾವ ಕಂಪನೀದು ಅಂತ ಎಲ್ಲಾದ್ರೂ ಬರೆದಿದಾರಾ? ಇಲ್ಲ. ಮೆಮೊರಿ ಎರಡು ಕಡ್ಡಿ ಇರಬೇಕಾದಲ್ಲಿ ಒಂದೇ ಕಡ್ಡಿ. ಗಾಳಿ ಎಲ್ಲಿಂದ ಬರಬೇಕು, ಆ ಮುಂದಿನ ಗಾಜಿನಿಂದಲಾ?"

"ಮಾವ, ನನಗೆ ಬೇಗ ಬೇಕು."

"ನೀನು ರೆಡಿಮೇಡ್ ಹಲ್ಲು ಮಾರ್ತೀಯಾ?"

ಅಕ್ಕ ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಂತವೈದ್ಯರು ಕಳಿಸಿದ ಅಚ್ಚು ನೋಡಿ ಒಂದೊಂದು ಬಾಯಿಗೂ ಬೇರೆ ಹಲ್ಲು ಮಾಡುವುದು, ಹೆಚ್ಚಾಗಿ ಚಾಚಿದ ಮೇಣ, ಅಂಟು ಒರೆಸುವುದು, ಕೂದಲೆಳೆಯಷ್ಟು ಎತ್ತರವಿದ್ದರೂ ಉಜ್ಜಿ ಇಳಿಸುವುದು. ಅಂಥವಳಿಗೆ ಸಿದ್ಧ ಪೆಟ್ಟಿಗೆ ಸಾಕು ಎನ್ನಲು ನಾಲಿಗೆ ಏಳಲಿಲ್ಲ. ಅಂಗಡಿಯವಳು ಕನ್ನಡಕ ಮೇಲಕ್ಕೆ ತಳ್ಳಿ ತನ್ನ ಕೆಲಸಕ್ಕೆ ಮರಳಿದಳು.

"ನಾಲ್ಕು ದಿನ ಕೊಡು. ನಿನ್ನ ಆಟಕ್ಕೆ ಅಳತೆ ತೆಗೆದು ಮಾಡ್ತೀನಿ" ಎಂದ ಮಾವ.

ನಾಲ್ಕು ದಿನ ಪಟ್ಟಿ ಮಾಡುವುದಕ್ಕೇ ಹೋಯಿತು. ಮಾವ ಪಟ್ಟಿ ಕಳಿಸುತ್ತಿದ್ದ, ಅದು ತಪ್ಪು ಎಂದು ಇನ್ನೊಂದು ಕಳಿಸುತ್ತಿದ್ದ. ಮದರ್‌ಬೋರ್ಡು ಬಂತು, ಅದಕ್ಕೆ ಹೊಂದುವ ಪ್ರೊಸೆಸರ್ ಬರಲಿಲ್ಲ. ಪ್ರೊಸೆಸರ್ ಬಂದ ದಿನ, ಗ್ರಾಫಿಕ್ಸ್ ಕಾರ್ಡು ಪೆಟ್ಟಿಗೆಗಿಂತ ಒಂದು ಬೆರಳು ಉದ್ದ ಎಂದು ಗೊತ್ತಾಗಿ ಪೆಟ್ಟಿಗೆಯನ್ನೇ ಬದಲಿಸಬೇಕಾಯಿತು. ತಂಗಿ ದಿನಾ ಕೇಳುತ್ತಿದ್ದಳು.

"ಇವತ್ತು ಏನು ಬಂತು?"

"ಫ್ಯಾನು."

"ಅಕ್ಕ, ನನ್ನದು ಇಡೀ ಮಗು ಒಂಬತ್ತು ತಿಂಗಳಲ್ಲಿ ರೆಡಿ ಆಗ್ತಿದೆ. ಮಾವಂಗೆ ಹೇಳು."

"ಹೇಳಿದೆ. ಅದೂ ಅಳತೆ ತೆಗೆದು ಮಾಡಿದ್ದೇ ಅಲ್ವಾ ಅಂದ್ರು."

ಹನ್ನೆರಡನೆಯ ದಿನ ಎಲ್ಲ ಬಿಡಿಭಾಗಗಳೂ ಅಕ್ಕನ ಊಟದ ಮೇಜಿನ ಮೇಲೆ ಬಂದು ಸೇರಿದವು. ಮಾವ ತೋಳು ಮಡಚಿ ಕುಳಿತ. ಕೈಚಳಕ ಇತ್ತು, ಅದನ್ನು ಅಕ್ಕ ಮನಸ್ಸಿನಲ್ಲೇ ಒಪ್ಪಿಕೊಂಡಳು. ಪ್ರೊಸೆಸರ್ ಕೂರಿಸಿದ, ಅದರ ಬೆನ್ನಿನ ಮೇಲೆ ಸಣ್ಣ ಟ್ಯೂಬಿನಿಂದ ಬೂದು ಬಣ್ಣದ ಪೇಸ್ಟು ಹಿಂಡಿದ. ಅಷ್ಟರಲ್ಲಿ ಫೋನು. ಯಾವುದೋ ಕಚೇರಿಯಲ್ಲಿ ಜೆರಾಕ್ಸ್ ಯಂತ್ರದೊಳಗೆ ಹಾಳೆ ಸಿಕ್ಕಿಕೊಂಡಿತ್ತು.

"ಎಳೀಬೇಡಿ ಸ್ವಾಮಿ, ಮೊದಲು ಹಸಿರು ಹಿಡಿ ಇಳಿಸಿ" ಎನ್ನುತ್ತ ಮಾವ ಕಿಟಕಿಯ ಹತ್ತಿರ ಹೋದ.

ಅಕ್ಕ ಬಗ್ಗಿ ನೋಡಿದಳು. ಥಳಥಳಿಸುವ ಲೋಹದ ಮೇಲೆ ಒಂದು ಬೂದು ಮುದ್ದೆ, ಅಂಚಿಗೆ ಹರಿಯುತ್ತಿತ್ತು. ಮಾವನ ಮನೆಯ ಅಡುಗೆ ಕಟ್ಟೆ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ಹುಟ್ಟಿದಂದಿನಿಂದ ಏನನ್ನೂ ಒರೆಸಿದವನಲ್ಲ. ಲ್ಯಾಬಿನಲ್ಲಿ ಇಂಥದ್ದನ್ನು ಬಿಟ್ಟರೆ ಬೈಗುಳ ತಿನ್ನಬೇಕು. ಅವಳ ಚೀಲದಲ್ಲಿ ಸ್ಪಿರಿಟ್ಟಿನ ಹತ್ತಿ ಸದಾ ಇರುತ್ತಿತ್ತು. ಎರಡು ಸಲ ಒರೆಸಿದಳು, ಲೋಹದಲ್ಲಿ ಕಿಟಕಿ ಕಾಣುವಷ್ಟು ಚೊಕ್ಕಟವಾಯಿತು. ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆಯಲು ಹೋದಳು.

ಮಾವ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಬಂದು, "ಹಸಿರು ಅಂದೆ, ನೀಲಿ ಅಲ್ಲ" ಎನ್ನುತ್ತ ಅದರ ಮೇಲೆ ಫ್ಯಾನು ಕೂರಿಸಿ ನಾಲ್ಕು ಸ್ಕ್ರೂ ಬಿಗಿದ.

ಯಂತ್ರ ಚಾಲೂ ಆಯಿತು. ಅಕ್ಕ ತಂಗಿಗೆ ಫೋನು ಮಾಡಿದಳು. ಇಬ್ಬರೂ ಆಟದೊಳಗಿನ ಗಂಟೆಗೋಪುರದಲ್ಲಿ ಭೇಟಿಯಾದರು. ಆಡಿದಷ್ಟು ಆಟ ಇಂಟರ್ನೆಟ್ಟಿನಲ್ಲಿ ಸೇವ್ ಆಗಿ ಉಳಿಯುವುದು ಗೋಪುರದಲ್ಲಿ ಮಾತ್ರ; ಆಟ ನಡೆಸುವ ಅಕ್ಕನ ಯಂತ್ರ ನಡುವೆ ಆರಿದರೆ ಇಬ್ಬರೂ ಮತ್ತೆ ಗೋಪುರಕ್ಕೆ. ಅಲ್ಲಿಂದ ತೂಬಿನ ಬಾಗಿಲಿಗೆ ಹದಿನಾಲ್ಕು ನಿಮಿಷದ ಈಜು. ಹೊರಟರು. ಹನ್ನೊಂದನೆಯ ನಿಮಿಷಕ್ಕೆ ಯಂತ್ರ ಪಟ್ಟೆಂದು ಆರಿತು.

"ಮತ್ತೆ ಕಲ್ಲಾದೆ" ಎಂದಳು ತಂಗಿ ಫೋನಿನಲ್ಲಿ.

ಮತ್ತೆ ಹೊರಟರು. ಮತ್ತೆ ಹನ್ನೊಂದು. ಬೇಗ ಈಜಿದರು, ಒಳದಾರಿ ಹಿಡಿದರು, ಮಾತಾಡದೆ ಹೋದರು. ಹನ್ನೊಂದು. ಒಮ್ಮೆ ಬಾಗಿಲಿನ ಕಲ್ಲು ಕಮಾನು ದೂರದಲ್ಲಿ ಹಸಿರಾಗಿ ಕಂಡಿತು, ಅಷ್ಟರಲ್ಲಿ ಕತ್ತಲೆ. ಅಕ್ಕ ಮೇಜನ್ನು ಗುದ್ದಿದಳು. ಮೇಜಿಗೆ ಏನೂ ಆಗಲಿಲ್ಲ, ಎರಡು ದಿನ ಲ್ಯಾಬಿನಲ್ಲಿ ಚಿಮಟ ಹಿಡಿಯುವುದು ಕಷ್ಟವಾಯಿತು.

ಮಾವ ಬಂದ. ಅಂಗೈಯನ್ನು ಪೆಟ್ಟಿಗೆಯ ಪಕ್ಕಕ್ಕೆ ಇಟ್ಟು, ಕಣ್ಣು ಮುಚ್ಚಿ, ಜೆರಾಕ್ಸ್ ಯಂತ್ರದ ನಾಡಿ ನೋಡುವಂತೆ ನೋಡಿದ. "ತಣ್ಣಗಿದೆ. ಬಿಸಿ ಅಲ್ಲ. ಕಾರ್ಡೇ ಸರಿಯಿಲ್ಲ."

ಕಾರ್ಡನ್ನು ಬದಲಿಸಿಕೊಂಡು ಬಂದದ್ದಾಯಿತು. ಹನ್ನೊಂದು ನಿಮಿಷ. ಪವರ್ ಸಪ್ಲೈ ಬದಲಾಯಿತು. ಹನ್ನೊಂದು ನಿಮಿಷ. ಗೋಡೆಯ ಪ್ಲಗ್ಗನ್ನು ಬಿಚ್ಚಿದ, ಮನೆಯ ಅರ್ಧ ದೀಪ ಹೋಯಿತು.

"ಆ ಗಾಜಿನ ಪೆಟ್ಟಿಗೇನೇ ತಗೊಂಡಿದ್ರೆ ಇಷ್ಟೊತ್ತಿಗೆ ಮುಗಿದಿರ್ತಿತ್ತು ಮಾವ."

"ಅದು ಏಳು ನಿಮಿಷಕ್ಕೆ ಆರ್ತಿತ್ತು."

"ಆರಿದ್ರೆ ವಾಪಸ್ ಕೊಡ್ತಿದ್ದೆ. ನಿಮ್ಮನ್ನ ಯಾರಿಗೆ ವಾಪಸ್ ಕೊಡ್ಲಿ?"

ಮಾವ ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿ ಬಟ್ಟಲಿಗೆ ಹಾಕಿದ.

ಹದಿನಾರನೆಯ ದಿನ ಇಬ್ಬರೂ ಯಂತ್ರವನ್ನು ಹೊತ್ತು ಅಂಗಡಿಗೆ ಹೋದರು, ಸ್ಕೂಟರಿನ ಹಿಂದೆ ಅಕ್ಕ, ಅವಳ ತೊಡೆಯ ಮೇಲೆ ಪೆಟ್ಟಿಗೆ. ಅಂಗಡಿಯವಳು ಅರ್ಧ ಗಂಟೆ ಏನೇನೋ ನೋಡಿ, ಕೊನೆಗೆ ಪ್ರೊಸೆಸರಿನ ಫ್ಯಾನು ಬಿಚ್ಚಿದಳು. ಫ್ಯಾನಿನ ತಳವನ್ನೂ ಪ್ರೊಸೆಸರಿನ ಬೆನ್ನನ್ನೂ ಬೆಳಕಿಗೆ ಹಿಡಿದಳು. ಎರಡೂ ಲಕಲಕ ಹೊಳೆಯುತ್ತಿದ್ದವು.

"ಇದನ್ನ ಜೋಡಿಸಿದ್ದು ಯಾರು?"

"ನಾನೇ" ಎಂದ ಮಾವ.

"ಪೇಸ್ಟ್ ಎಲ್ಲಿ? ಇದರ ಬಿಸಿ ಫ್ಯಾನಿಗೆ ದಾಟೋದೇ ಆ ಪೇಸ್ಟಿನಿಂದ. ಇಲ್ಲದಿದ್ರೆ ಪೆಟ್ಟಿಗೆ ತಣ್ಣಗೇ ಇರತ್ತೆ, ಒಳಗೆ ಇದೊಂದು ಬೇಯ್ತಿರತ್ತೆ."

"ಹಚ್ಚಿದ್ದೆ."

"ಹಚ್ಚಿದ್ದು ಎಲ್ಲಿಗೆ ಹೋಯ್ತು ಸ್ವಾಮಿ, ವಾಕಿಂಗ್ ಹೋಯ್ತಾ?"

ಪಕ್ಕದಲ್ಲಿ ಕೀಬೋರ್ಡು ನೋಡುತ್ತಿದ್ದ ಗಿರಾಕಿಯೊಬ್ಬ ನಕ್ಕ. ಅಕ್ಕನಿಗೆ ಸ್ಪಿರಿಟ್ಟಿನ ಹತ್ತಿ ಕಣ್ಣಮುಂದೆ ಬಂತು, ಅದರ ಬೂದು ಕಲೆಯ ಸಮೇತ. ಸುಮ್ಮನಿದ್ದರೆ ಸಾಕಾಗಿತ್ತು. ಹದಿನಾರು ದಿನ ತಿಂದವನು ಅವನೇ, ಇದನ್ನೂ ತಿನ್ನಲಿ ಎಂದು ಒಂದು ಕ್ಷಣ ಅವಳಿಗೆ ನಿಜವಾಗಿ ಅನ್ನಿಸಿತು.

ಮಾವ ಆ ಹೊಳೆಯುವ ಚೌಕವನ್ನು ಬೆರಳಿಂದ ಸವರಿ, ಬೆರಳನ್ನು ನೋಡಿಕೊಂಡ. "ಹಚ್ಚಿದ ನೆನಪಿದೆ" ಎಂದ, ಸಣ್ಣ ದನಿಯಲ್ಲಿ. "ಮೊನ್ನೆ ಒಂದು ಕಚೇರೀಲೂ ಹೀಗೇ ಆಯ್ತು. ಮುಚ್ಚಳ ಹಾಕದೇ ಬಂದ್ಬಿಟ್ಟಿದ್ದೆ. ಇನ್ನು ನಾನು ಈ ಕೆಲಸ..."

"ನಾನೇ ಒರೆಸಿದ್ದು" ಎಂದಳು ಅಕ್ಕ.

ಇಬ್ಬರೂ ಅವಳತ್ತ ತಿರುಗಿದರು.

"ನೀವು ಫೋನಲ್ಲಿದ್ರಿ. ಗಲೀಜಾಗಿ ಕಾಣ್ತು. ಒರೆಸಿದೆ."

ಅಂಗಡಿಯವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಮಾವ ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. ಅವನು ಟ್ಯೂಬು ತೆಗೆದುಕೊಂಡು, ಬಟಾಣಿ ಗಾತ್ರದ ಪೇಸ್ಟು ಹಿಂಡಿ, "ಇದನ್ನ ಕಾಯ್ತಾ ನಿಂತ್ಕೋ. ಕೈ ಕಟ್ಕೊಂಡು" ಎಂದಷ್ಟೇ ಹೇಳಿದ.

ಅವಳು ಕೈ ಕಟ್ಟಿ ನಿಂತಿದ್ದಾಗ ಫೋನಿಗೆ ಸಂದೇಶ ಬಂತು. ತಂಗಿಯದು: ಆಸ್ಪತ್ರೆಗೆ ಹೊರಟ್ವಿ. ನೋವು ಶುರುವಾಗಿದೆ. ಬಾಗಿಲು ನೀನೊಬ್ಬಳೇ ತೆಗೆದ್ಯೋ, ಜೋಕೆ.

ಡಾಕ್ಟರು ಹೇಳಿದ್ದಕ್ಕಿಂತ ಮೂರು ದಿನ ಮೊದಲು. ಮಗು ಮಾವನ ಪಟ್ಟಿಗೆ ಕಾಯಲಿಲ್ಲ.

ಮನೆಗೆ ಬಂದು ಯಂತ್ರ ಚಾಲೂ ಮಾಡಿದರು. ಅಕ್ಕ ಒಬ್ಬಳೇ ಗಂಟೆಗೋಪುರದಿಂದ ಇಳಿದು ಈಜಿದಳು. ಹತ್ತು ನಿಮಿಷ, ಹನ್ನೊಂದು, ಹನ್ನೆರಡು. ಯಂತ್ರ ಉಸಿರೆತ್ತಲಿಲ್ಲ, ಹಳೆಯ ಕಂಪ್ಯೂಟರಿನಲ್ಲಿ ಎಂದೂ ಕಾಣದ ಪಾಚಿಯ ಎಳೆ ಎಳೆಯೂ ಕಂಡಿತು. ಹದಿನಾಲ್ಕಕ್ಕೆ ಬಾಗಿಲ ಮುಂದೆ ನಿಂತಳು. ಎಡಗಡೆಯ ಚಕ್ರ ಅವಳದು. ಬಲಗಡೆಯದರ ಮುಂದೆ ನೀರು ಖಾಲಿ ಇತ್ತು.

"ಎಂಥಾ ಯಂತ್ರ ನೋಡು" ಎಂದ ಮಾವ. ಆಮೇಲೆ, "ಆ ಕಡೆ ಚಕ್ರ ನಾನು ತಿರುಗಿಸ್ಲಾ? ಇನ್ನೊಂದು ಕೀಬೋರ್ಡ್ ಚುಚ್ಚಿದ್ರಾಯ್ತು."

"ಬೇಡ."

"ಹಾಗಾದ್ರೆ ಆರಿಸ್ತೀಯಾ?"

"ಆರಿಸಿದ್ರೆ ಗೋಪುರಕ್ಕೆ ವಾಪಸ್. ಬಾಣಂತಿಗೆ ಹದಿನಾಲ್ಕು ನಿಮಿಷ ಯಾರು ಕೊಡ್ತಾರೆ? ಒಂದೇ ನಿಮಿಷ ಸಿಕ್ಕಿದ್ರೂ ಅವಳು ನೇರ ನನ್ನ ಪಕ್ಕಕ್ಕೇ ಬಂದು ಸೇರ್ಕೋಬಹುದು, ನಾನು ಇಲ್ಲೇ ನಿಂತಿದ್ರೆ. ಇದು ಹೀಗೇ ಓಡ್ತಾ ಇರ್ಲಿ."

"ಎಷ್ಟು ದಿನ?"

"ಎಷ್ಟು ದಿನ ಓಡತ್ತೆ?"

ಮಾವ ಅಂಗೈಯನ್ನು ಪೆಟ್ಟಿಗೆಯ ಕಡೆ ಚಾಚಿದವನು, ಏನೋ ನೆನಪಾಗಿ ಹಿಂದಕ್ಕೆ ಎಳೆದುಕೊಂಡ. "ಓಡತ್ತೆ. ಕರೆಂಟ್ ಹೋಗದೇ ಇದ್ರೆ." ತನ್ನ ಮಾತಿಗೆ ತಾನೇ ಬೆಚ್ಚಿದವನಂತೆ ಎದ್ದು ಸ್ಕೂಟರಿನ ಕೀಲಿ ಹುಡುಕಿದ. "ಬ್ಯಾಟರಿ ಬೇಕು. ದೊಡ್ಡದು. ಇದರ ಲೋಡು ಎಷ್ಟು ಅಂತ ಲೆಕ್ಕ ಹಾಕಿ, ಸೆಲ್ ಬೇರೆ ಬೇರೆ ತರಿಸಿ, ನಾನೇ..."

"ಮಾವ" ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಅಂಗಡೀಲಿ ಯಾವುದು ಇದೆಯೋ ಅದನ್ನೇ ತನ್ನಿ. ಪಟ್ಟಿ ಮಾಡಬೇಡಿ."