ಹಕಾರವಿಲ್ಲದ ಹಂದಿ

ಕಂಪ್ಯೂಟರು ಬೈದರೆ ನನಗೆ ಸಮಾಧಾನ. ತಪ್ಪು ಎಲ್ಲಿದೆ ಅಂತಲಾದರೂ ಗೊತ್ತಾಗುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುತ್ತಾರಲ್ಲ, ಅವತ್ತು ಅದು ಬೊಗಳಲೇ ಇಲ್ಲ.

ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿಯ ಮೇಲಿನ ಕೋಣೆಯೊಂದರಲ್ಲಿ ನಾನೂ ಸೋಮೇಶನೂ ಹೊಲ ಕಾಯುವ ಪೆಟ್ಟಿಗೆ ಮಾಡುತ್ತೇವೆ. ಕಾಡುಪ್ರಾಣಿ ಬೇಲಿಯ ಹತ್ತಿರ ಬಂದರೆ ಅದು ಸೈರನ್ ಕೂಗುತ್ತದೆ. ಒಳಗಿನ ಚಿಪ್ ಚಿಕ್ಕದು. ಅದನ್ನು ನಡೆಸುವ ತಂತ್ರಾಂಶದ ತಿರುಳಾದ ಕರ್ನಲ್‌ನಲ್ಲಿ ಎಲ್ಲ ಪ್ರಾಣಿಗಳನ್ನೂ ಗುರುತಿಸುವ ಪ್ರೋಗ್ರಾಂ ಕೋಡ್ ಹಿಡಿಸುವುದಿಲ್ಲ. ಹಾಗಾಗಿ ಈ ಹೊಲಕ್ಕೆ ಆನೆ, ಆ ಹೊಲಕ್ಕೆ ಹಂದಿ ಎಂದು ಒಂದು ಪಟ್ಟಿಯಲ್ಲಿ ಗುರುತು ಹಾಕುತ್ತೇವೆ. ಕೋಡಿನಲ್ಲಿ ‘ಪಟ್ಟಿಯಲ್ಲಿ ಈ ಹೆಸರಿದ್ದರೆ ಮಾತ್ರ ಮುಂದಿನದನ್ನು ಸೇರಿಸು’ ಎನ್ನುವ ಗೆರೆಗಳಿರುತ್ತವೆ. ಹೆಸರು ಎರಡೂ ಕಡೆ ಒಂದೇ ಇರಬೇಕು, ಅಷ್ಟೆ. ಹೋದ ವಾರ ಇದನ್ನೆಲ್ಲ ಹೊಸದಾಗಿ ಬರೆದಿದ್ದೆವು, ಅರ್ಧ ಅವನು, ಅರ್ಧ ನಾನು.

ಅವತ್ತು ಬೆಳಿಗ್ಗೆ ಸೋಮೇಶ ನನ್ನ ದೊಡ್ಡವ್ವನ ಅರಿಶಿನದ ಹೊಲದ ಪೆಟ್ಟಿಗೆಗೆ ಹೊಸ ಕರ್ನಲ್ ಹಾಕಿ, ಹಾಗೇ ಉಮ್ಮತ್ತೂರಿನ ತನ್ನ ಮನೆಗೆ ಬಸ್ಸು ಹತ್ತಿದ್ದ. ದೊಡ್ಡವ್ವ ಅಂದರೆ ಶಾಂತಮಲ್ಲಮ್ಮ, ನನ್ನಮ್ಮನ ಅಕ್ಕ. ಹೋದ ವರ್ಷ ಹಂದಿ ಅವಳ ಮೀನಖಂಡ ಸೀಳಿ ಹದಿನೆಂಟು ಹೊಲಿಗೆ ಬಿದ್ದಿತ್ತು. ಆಮೇಲೆ ಹೊಲಕ್ಕೆ ಕಾಲಿಡದವಳು, ನಮ್ಮ ಪೆಟ್ಟಿಗೆಯನ್ನು ನಂಬಿಕೊಂಡು, ಸಂಜೆ ಆರಕ್ಕೆ ಕರೆಂಟು ಬಂದಾಗ ಮತ್ತೆ ಒಬ್ಬಳೇ ಮೋಟಾರು ಹಾಕಲು ಹೋಗುತ್ತಿದ್ದಳು.

ಐದು ಗಂಟೆಗೆ ಏನೋ ಕಸಿವಿಸಿಯಾಗಿ ಹಂದಿಯ ಕರ್ನಲ್ಲಿನ ಗಾತ್ರ ನೋಡಿದೆ. ಹಳೆಯದಕ್ಕಿಂತ ಚಿಕ್ಕದಾಗಿತ್ತು. ಚಿಕ್ಕದಾಗಲು ಕಾರಣವೇ ಇರಲಿಲ್ಲ. ಆನೆಯದನ್ನು ಮೇಜಿನ ಮೇಲಿಟ್ಟು ಕೂಗಿಸಿ ನೋಡಿದ್ದೆವು, ಹಂದಿಯದನ್ನು ನೋಡಿರಲಿಲ್ಲ. ಹುಡುಕಿದೆ. ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಹಂದಿ’ ಅಂತಿದೆ, ಕೋಡಿನಲ್ಲಿ ‘ಅಂದಿ’. ಅಂದಿ ಎನ್ನುವ ಹೆಸರು ಪಟ್ಟಿಯಲ್ಲಿಲ್ಲ, ಹಾಗಾದರೆ ಇವರಿಗೆ ಬೇಡವೇನೋ ಎಂದುಕೊಂಡು ಕಂಪ್ಯೂಟರು ಸೈರನ್ನಿನ ಕೋಡನ್ನು ತೆಪ್ಪಗೆ ಬಿಟ್ಟು ಮುಂದೆ ಹೋಗಿತ್ತು. ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ.

ಮೈ ಉರಿದುಹೋಯಿತು. ಮೈಸೂರಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಹಕಾರ ತಿದ್ದಿಕೊಂಡವಳು ನಾನು. ‘ಓಗ್ತೀನಿ, ಆಕ್ತೀನಿ’ ಎನ್ನುವ ಸೋಮೇಶನನ್ನು ದಿನಾ ಆಡಿಕೊಳ್ಳುತ್ತೇನೆ. ದೊಡ್ಡವ್ವನಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅದು ಯಾವಾಗಲೂ ಮನೆಯ ಕಿಟಕಿಯಲ್ಲೇ ಇರುತ್ತದೆ. ಸ್ಕೂಟರಿನ ಕೀ ಹುಡುಕುತ್ತಲೇ ಸೋಮೇಶನಿಗೆ ಮಾಡಿದೆ.

“ಕೋಡಿನಲ್ಲಿ ಹಂದಿಯ ಹಕಾರ ನುಂಗಿದ್ದೀಯಲ್ಲೋ. ಸೈರನ್ನೇ ಇಲ್ಲ ಅದರಲ್ಲಿ.”

“ನಾನು ಪಟ್ಟಿ ಬರ್ದಿದ್ದು ಕಣಕ್ಕ. ನೀವು ನಗಾಡ್ತೀರಿ ಅಂತ ಎಚ್ ಆಕಿದೀನೋ ಇಲ್ವೋ ಅಂತ ಮೂರು ಸಲ ನೋಡ್ದೆ. ಆ ಗೆರೆ ಬರ್ದೋರ ಎಸ್ರು ಅಲ್ಲೇ ಇರ್ತದಲ್ಲ, ನೋಡಿ.”

ನೋಡಲು ಪುರುಸೊತ್ತಿರಲಿಲ್ಲ. ನೋಡುವ ಮನಸ್ಸೂ ಇರಲಿಲ್ಲ.

ಕೇರಳದ ರಸ್ತೆಯಲ್ಲಿ ತರಕಾರಿ ಲಾರಿಗಳು ಸಾಲುಗಟ್ಟಿದ್ದವು. ಹನ್ನೆರಡು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಸೋಮೇಶನನ್ನು ಬೈದೆ, ಲಾರಿಯವರನ್ನು ಬೈದೆ, ದೊಡ್ಡವ್ವನ ಫೋನನ್ನು ಬೈದೆ. ಬೈಯುವುದು ನಿಂತರೆ ಹೆದರಿಕೆ ಶುರುವಾಗುತ್ತಿತ್ತು.

ಹೊಲ ಮುಟ್ಟಿದಾಗ ಆರು ದಾಟಿತ್ತು, ಬೆಳಕಿನ್ನೂ ಇತ್ತು. ದೊಡ್ಡವ್ವ ಮೋಟಾರು ಹಾಕಿ, ಸೆರಗು ಸಿಕ್ಕಿಸಿಕೊಂಡು, ಬದುವಿನ ಮೇಲೆ ನಿಧಾನಕ್ಕೆ ನಡೆದು ಬರುತ್ತಿದ್ದಳು. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಅವಳಿಂದ ಹತ್ತು ಮಾರು ಮುಂದೆ ಅರಿಶಿನದ ಎಲೆಗಳು ಅಲ್ಲಾಡುತ್ತಿದ್ದವು. ಗಾಳಿಯಿರಲಿಲ್ಲ.

ಸೈರನ್ ಕೂಗದ್ದನ್ನು ನಾನೇ ಕೂಗಿದೆ.

“ದೊಡ್ಡವ್ವಾ, ಅಲ್ಲೇ ನಿಂತ್ಕ. ಅಂದಿ. ಅಂದಿ ಕಣವ್ವಾ, ಅಂದಿ.”

ಅವಳು ನಿಂತಳು. ದೊಡ್ಡದೊಂದು, ಅದರ ಹಿಂದೆ ನಾಲ್ಕು ಮರಿ, ಅವಳು ಕಾಲಿಡಬೇಕಿದ್ದ ಬದುವನ್ನೇ ದಾಟಿ ಕಾಡಿನ ಕಡೆ ಓಡಿದವು.

ನಾನು ಹತ್ತಿರ ಹೋಗುವಷ್ಟರಲ್ಲಿ ಅವಳು ಕೂತುಬಿಟ್ಟಿದ್ದಳು, ಕೈ ಹಳೆಯ ಹೊಲಿಗೆಯ ಮೇಲಿತ್ತು.

“ಪೆಟ್ಗೆ ಕೂಗ್ನಿಲ್ವಲ್ಲ ಕಣಮ್ಮಿ. ಏನೂ ಇಲ್ಲ ಅಂತ್ಲೇ ಬಂದೆ.”

ನನಗೆ ನಾಚಿಕೆಯಾಯಿತು. ಅವಳನ್ನು ಮನೆಗೆ ಸೇರಿಸುವ ಹೊತ್ತಿಗೆ ಸೋಮೇಶನ ಫೋನ್ ಬಂತು.

“ನೋಡುದ್ರಾ ಅಕ್ಕ, ಯಾರ ಎಸ್ರಿತ್ತು?”

“ನೋಡ್ನಿಲ್ಲ ಕಣ್ಲಾ,” ಎಂದೆ. “ನನ್ ಬಾಯಿಂದ್ಲೇ ಕೇಳುಸ್ಕಂಡೆ. ನಂದೇಯ.”