ಬಚ್ಚನ ಬಾಯಿಮಾತು

ಐತನಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಬತ್ತೆ ಎಂದಾದರೂ ಸರಿ, ಬತ್ತಿಲ್ಲೆ, ಬರುವುದಿಲ್ಲ ಎಂದಾದರೂ ಸರಿ. ಆ ಮಾತಿಗಾಗಿ ಅವನು ಮಾರ್ಸೇಲ್ಸ್ ಬಂದರಿನಿಂದ ಬಸ್ಸು ಬದಲಿಸುತ್ತ, ಹಲ್ಲು ಕಡಿಯುವ ಜನವರಿಯ ಚಳಿಯಲ್ಲಿ ಪ್ರೊವಾನ್ಸ್ ಸೀಮೆಯ ಈ ಹಳ್ಳಿಗೆ ಬಂದಿಳಿದಿದ್ದ. ಭಾವ ಬಚ್ಚನೋ ಬೆಳಗಿನಿಂದ ಅವನಿಗೆ ಮುಚ್ಚಿದ ಬಾಗಿಲುಗಳನ್ನು ತೋರಿಸುತ್ತ ತಿರುಗಾಡಿಸುತ್ತಿದ್ದ.

ಬಚ್ಚ ಐತನ ತಂಗಿ ಜಲಜಳ ಗಂಡ. ಇಬ್ಬರೂ ಗಂಗೊಳ್ಳಿಯವರು, ಇಬ್ಬರೂ ಬೊಂಬಾಯಿಗೆ ಹೋಗಿ ಹಡಗು ಹತ್ತಿದವರು. ಐತ ಬಾಯ್ಲರಿನ ಬೆಂಕಿಗೆ, ಬಚ್ಚ ಅಡುಗೆಯ ಬೆಂಕಿಗೆ. ಯುದ್ಧ ಮುಗಿದ ಮರುವರ್ಷ ಬಚ್ಚನಿಗೆ ಎದೆಯಲ್ಲಿ ಕಫ ಕಟ್ಟಿ ಹಡಗಿನವರು ಅವನನ್ನು ಮಾರ್ಸೇಲ್ಸಿನ ಆಸ್ಪತ್ರೆಯಲ್ಲಿ ಇಳಿಸಿ ಹೋದರು. ಗುಣವಾದ ಮೇಲೆ ಈ ಹಳ್ಳಿಯಲ್ಲಿ ಹೋಟೆಲು ನಡೆಸುವ ಒಬ್ಬ ವಿಧವೆ ಅವನಿಗೆ ಅಡುಗೆಮನೆಯಲ್ಲಿ ಕೆಲಸ ಕೊಟ್ಟಳು. ಅಂದಿನಿಂದ ಮೂರು ವರ್ಷ, ಊರಿಗೆ ಬರುವ ಖಲಾಸಿಗಳ ಕೈಯಲ್ಲಿ ಅವನು ಹೇಳಿಕಳಿಸುತ್ತಿದ್ದದ್ದು ಒಂದೇ: ಇದೊಂದು ಸೀಸನ್ ಮುಗಿಯಲಿ.

ಈಗ ಕೋಡಿಯ ತಿಮ್ಮ ಜಲಜಳನ್ನು ಮದುವೆಗೆ ಕೇಳಿದ್ದ. ಒಳ್ಳೆಯ ಮನುಷ್ಯ, ಸ್ವಂತ ದೋಣಿಯವನು. ಮಳೆ ಹಿಡಿಯುವವರೆಗೆ ಕಾಯುತ್ತೇನೆ, ಆಮೇಲೆ ಬೇರೆ ಕಡೆ ನೋಡುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದ. ಕೂಡಿಕೆಯ ಮರುಮದುವೆಗೆ ಜಾತಿಯ ಯಜಮಾನರಾದ ಗುರಿಕಾರರ ತಕರಾರಿರಲಿಲ್ಲ. ಆದರೆ ಗಂಡ ಬದುಕಿರುವಾಗ ಅವನು ಬಿಟ್ಟಿದ್ದಾನೆಂಬುದನ್ನು ಹೆಣ್ಣಿನ ಮನೆಯ ಗಂಡಸೊಬ್ಬ ಅವನ ಬಾಯಿಂದಲೇ ಕೇಳಿ ಬರಬೇಕು, ಕಾಗದ ಯಾರು ಬೇಕಾದರೂ ಬರೆಯಬಹುದು ಎಂದಿದ್ದರು. ಐತ ಹೊರಡುವಾಗ ಜಲಜ ದೋಣಿ ಹತ್ತುವ ಹೊಳೆಬಾಗಿಲ ತನಕ ಬಂದು ಹೇಳಿದ್ದಳು: "ಬತ್ತೆ ಅಂಬುದಾರೂ ತಾ, ಬತ್ತಿಲ್ಲೆ ಅಂಬುದಾರೂ ತಾ. ಮೂರ್ನೇದ್ ತರ್‍ಬೇಡ."

ಮಾರ್ಸೇಲ್ಸಿನಲ್ಲಿ ಐತನ ಹಡಗಿನ ಬಾಯ್ಲರು ಕೆಟ್ಟು ರಜೆ ಸಿಕ್ಕಾಗ ಅವನಿಗೆ ಖುಷಿಯೇ ಆಗಿತ್ತು. ಅವನ ಲೆಕ್ಕ ಗಂಗೊಳ್ಳಿಯ ಲೆಕ್ಕ. ಮಳೆಗಾಲದಲ್ಲಿ ಕಡಲು ಮುಚ್ಚಿತೆಂದರೆ ದೋಣಿಗಳನ್ನು ದಡಕ್ಕೆಳೆದು, ಎಲ್ಲೆಲ್ಲಿದ್ದ ಗಂಡಸರೂ ಮನೆ ಸೇರುತ್ತಾರೆ. ಹಾಗೆಯೇ ಈ ದೇಶಕ್ಕೆ ಚಳಿಗಾಲ. ಹೋಟೆಲು ಮುಚ್ಚಿದೆ, ಕೆಲಸವಿಲ್ಲ, ನೆಪವೂ ಇಲ್ಲ. ಹೊರಡು ಎಂದರೆ ಹೊರಡಲೇಬೇಕು, ಇಲ್ಲವೇ ಬರುವುದಿಲ್ಲ ಎನ್ನಲೇಬೇಕು.

ಬಚ್ಚ ಎರಡನ್ನೂ ಮಾಡಲಿಲ್ಲ. ಊರು ತೋರಿಸಿದ.

ಚೌಕದಲ್ಲಿ ಕೊಂಬೆ ಕತ್ತರಿಸಿದ ಮರಗಳು ಮುಷ್ಟಿ ಎತ್ತಿ ನಿಂತಿದ್ದವು. ಕಾರಂಜಿಯ ಬಾಯಲ್ಲಿ ನೀರು ಹೆಪ್ಪುಗಟ್ಟಿ ಗಡ್ಡದಂತೆ ಇಳಿಬಿದ್ದಿತ್ತು. ಜೂನಿನಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂದ ಬಚ್ಚ. ಐತ ಜಲಜಳ ಹೆಸರೆತ್ತಿದ. ಬಚ್ಚ ಅವನ ತೋಳು ಹಿಡಿದು ಗುಡ್ಡದ ಬದಿಗೆ ಕರೆದುಕೊಂಡು ಹೋದ. ಬೂದಿ ಬಣ್ಣದ ಮೋಟು ಗಿಡಗಳ ಸಾಲುಗಳು ಕಾಣಿಸಿದವು. ಬೇಸಿಗೆಯಲ್ಲಿ ಇದೆಲ್ಲ ನೇರಳೆ ಹೂವು, ಪರಿಮಳಕ್ಕೆ ತಲೆ ತಿರುಗುತ್ತದೆ, ಚಿತ್ರ ಬರೆಯುವವರು ಪ್ಯಾರಿಸಿನಿಂದ ಬರುತ್ತಾರೆ ಎಂದ. ಐತ ಗುರಿಕಾರರ ಮಾತು ತೆಗೆದ. ಬಚ್ಚ ಸಂತೆಕಟ್ಟೆ ತೋರಿಸಿದ. ಅದರ ಮೇಲೆ ಒಂದು ಬೆಕ್ಕಿತ್ತು. ಜುಲೈಯಲ್ಲಿ ಇಲ್ಲಿ ಕರಬೂಜದ ರಾಶಿ ಬೀಳುತ್ತದಂತೆ.

ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಕಣ್ಣು ಕುಕ್ಕುವ ಬಿಸಿಲಿತ್ತು, ಬಿಸಿಲಿಗೆ ಬಿಸಿಯೇ ಇರಲಿಲ್ಲ. ಉತ್ತರದಿಂದ ಬೀಸುವ ಗಾಳಿ ಕೋಟಿನೊಳಗೆ ಕೈ ಹಾಕಿ ಪಕ್ಕೆಲುಬು ಎಣಿಸುತ್ತಿತ್ತು. ಬಾಯ್ಲರಿನ ಮುಂದೆ ಬೆಂದು ಬದುಕಿದ ಐತನಿಗೆ ಕಿವಿಗಳು ಇವೆಯೋ ಬಿದ್ದುಹೋದವೋ ತಿಳಿಯಲಿಲ್ಲ.

"ಜೂನಂಗೆ ಅದಿತ್ತ್, ಜುಲೈಯಂಗೆ ಇದಿತ್ತ್," ಎಂದ ಅವನು ಕೊನೆಗೆ. "ಈಗ ಎಂತ ಇತ್ತ್ ಮರಾಯ?"

"ಈಗ ಸೀಸನ್ ಅಲ್ಲ ಭಾವ," ಎಂದ ಬಚ್ಚ ಶಾಂತವಾಗಿ.

ಮಧ್ಯಾಹ್ನ ಹೋಟೆಲಿಗೆ ಮರಳಿದರು. ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲಾಗಿ ಮಲಗಿದ್ದವು. ಒಡತಿ, ಬಚ್ಚ ಮದಾಮ್ ಎಂದು ಕರೆಯುವ ದಪ್ಪ ಹೆಂಗಸು, ಇಬ್ಬರಿಗೂ ಸಾರು ಬಡಿಸಿದಳು. ಬಚ್ಚ ಬಟ್ಟಲು ಬರಿದು ಮಾಡಿ ಎದ್ದವನೇ ಗೋಡೆಗೆ ಏಣಿ ಇಟ್ಟು ಮಾಡಿಗೆ, ಹಂಚಿನ ಛಾವಣಿಗೆ, ಹತ್ತಿದ. ಗಾಳಿಗೆ ಹಂಚು ಜಾರಿದೆ, ಕೈಯಾಡಿಸಬೇಕು ಎಂದ. ಹೋಟೆಲು ಮುಚ್ಚಿರುವ ಕಾಲದಲ್ಲಿ ಅವನಿಗೆ ಸಂಬಳವಿಲ್ಲ ಎಂದು ಬೆಳಿಗ್ಗೆ ಅವನೇ ಹೇಳಿದ್ದ.

ಐತ ಕೆಳಗೆ ನಿಂತು ನೋಡಿದ. ಬಚ್ಚ ಒಂದೊಂದೇ ಹಂಚನ್ನು ಎತ್ತಿ, ಬೆರಳಿನಿಂದ ಪಾಚಿ ಕೆರೆದು, ಮತ್ತೆ ಕೂರಿಸುತ್ತಿದ್ದ. ಅವಸರವೇ ಇರಲಿಲ್ಲ.

"ಹ್ವಾಯ್ ಬಚ್ಚ. ನಮ್ಮ್ ಊರಂಗೆ ಮಳಿಗಾಲ್ದಂಗೆ ಗಂಡ್ಸ್ರ್ ಯಾರ್ ಮನಿ ಮಾಡ್ ಹತ್ತುದ್?"

"ಅವ್ರವ್ರ್ ಮನಿದ್. ಎಂತಕ್ಕೆ?"

ಉತ್ತರ ಅಲ್ಲೇ ಬಂದಿತ್ತು, ಬಚ್ಚ ಹತ್ತಿದ್ದು ತನ್ನ ಮನೆಯ ಮಾಡನ್ನೇ. ಆದರೆ ಗುರಿಕಾರರಿಗೆ ಹಂಚಿನ ಕತೆ ಹೇಳಿ ಪ್ರಯೋಜನವಿರಲಿಲ್ಲ. ಐತನ ತಾಳ್ಮೆಯ ಎಳೆ ಕಡಿದದ್ದು ಆಗ. ಅವನು ಏಣಿಯನ್ನು ಎತ್ತಿ ಅಂಗಳದ ನಡುವೆ ಮಲಗಿಸಿದ.

ಬಚ್ಚ ಮೊದಲು ನಕ್ಕ. ಗಾಳಿ ಜೋರಾಗಿ ಬೀಸಿ ಅವನ ಟೊಪ್ಪಿಯನ್ನು ಪಕ್ಕದ ತೋಟಕ್ಕೆ ಒಯ್ದಿತು. ಅವನು ಮಾಡಿನ ಮೇಲೆ ಕುಕ್ಕರಗಾಲಲ್ಲಿ ಕೂತ.

"ಏಣಿ ಇಡ್ ಭಾವ. ಬಿದ್ ಸಾಯ್ತೆ."

"ಜಲಜಂಗೆ ಎಂತ ಹೇಳುದ್ ಅಂದ್ ಹೇಳ್, ಇಡ್ತೆ."

"ಈ ಬ್ಯಾಸ್ಗಿ ಒಂದ್ ಕಳಿಲಿ..."

"ನಿನ್ ಬ್ಯಾಸ್ಗಿ ನಂಗ್ ಬ್ಯಾಡ."

ಗದ್ದಲ ಕೇಳಿ ಮದಾಮ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೇಲೆ ನೋಡಿದಳು, ಮಲಗಿದ ಏಣಿಯನ್ನು ನೋಡಿದಳು, ಐತನ ಮುಖ ನೋಡಿದಳು. ಮಾತು ಅವಳಿಗೆ ತಿಳಿಯುವಂತಿರಲಿಲ್ಲ. ಆದರೂ ಅವಳು ಏಣಿ ಮುಟ್ಟಲಿಲ್ಲ. ತೋಳು ಕಟ್ಟಿ ಐತನ ಪಕ್ಕದಲ್ಲಿ ನಿಂತು ಅವಳೂ ಮಾಡಿನ ಕಡೆ ಮುಖ ಎತ್ತಿದಳು.

ಬಚ್ಚ ಇಬ್ಬರನ್ನೂ ನೋಡಿದ. ಹಂಚಿನ ಅಂಚು ಸವರಿದ. ಆಮೇಲೆ ಏನೋ ಅಂದ, ಗಾಳಿ ಅದನ್ನು ಒಯ್ದುಬಿಟ್ಟಿತು.

"ಕೇಂತಿಲ್ಲ," ಎಂದು ಐತ ಕೂಗಿದ.

"ಬತ್ತಿಲ್ಲೆ ಅಂದೆ. ಅವ್ಳನ್ನ್ ಬಿಟ್ಟೆ. ಬೇರೆ ಮದಿ ಆಯ್ಲಿ. ನಾ ಬತ್ತಿಲ್ಲೆ ಮರಾಯ."

ಐತ ಏಣಿ ಇಟ್ಟು ಹಿಡಿದುಕೊಂಡ. ಬಚ್ಚ ಇಳಿಯಲಿಲ್ಲ, ತಿರುಗಿ ಕೂತು ಉಳಿದ ಹಂಚುಗಳನ್ನು ಸರಿಮಾಡತೊಡಗಿದ. ಅವನು ಮುಗಿಸುವ ಮೊದಲೇ ಐತನ ಬಸ್ಸಿನ ಹೊತ್ತಾಯಿತು.

ಐತ ಗಂಗೊಳ್ಳಿಗೆ ಬಂದು ಮುಟ್ಟುವಾಗ ಸುಡುಬೇಸಿಗೆ. ಜಲಜ ಚಪ್ಪರದಡಿ ಕೂತು ಬಂಗುಡೆಗೆ ಉಪ್ಪು ತುಂಬುತ್ತಿದ್ದಳು. ಅವನು ಪೆಟ್ಟಿಗೆ ಇಳಿಸುವ ಮೊದಲೇ ಗಾಳಿ, ಚಳಿ, ಹೆಪ್ಪುಗಟ್ಟಿದ ಕಾರಂಜಿ ಎಂದು ಶುರುಮಾಡಿದ.

"ಆ ಊರ್ ಸುದ್ದಿ ಸಾಯ್ಲಿ," ಎಂದಳು ಅವಳು. "ಮಾತ್ ಎಂತ?"

ಐತ ಹೇಳಿದ. ಅವಳ ಕೈ ಉಪ್ಪಿನಲ್ಲೇ ನಿಂತಿತು. ಅವನೇ ಹೇಳಿದನೇ ಎಂದು ಕೇಳಿದಳು. ಐತ ಮಾಡು, ಏಣಿ ಎಲ್ಲ ಹೇಳಬೇಕಾಯಿತು. ಅವಳು ನಗಲಿಲ್ಲ.

"ಆ ಏಣಿ ತೆಗುಕೆ ನಿಮಗ್ ಗಂಡ್ಸ್ರಿಗೆ ಮೂರ್ ವರ್ಷ ಬೇಕಾಯ್ತಾ?"

ಉಳಿದ ಮೀನಿಗೆ ಗೋಣಿ ಮುಚ್ಚಿ ಅವಳು ಎದ್ದಳು, ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಗುರಿಕಾರರು ಉಂಡು ಮಲಗುವುದರೊಳಗೆ ಹೋಗಬೇಕು ಎಂದಳು. ಐತ ನೀರಾದರೂ ಕುಡಿದು ಬರುತ್ತೇನೆ ಎಂದ. ಅಲ್ಲೇ ಕೊಡುತ್ತಾರೆ ಎಂದು ಹೇಳಿ ಅವಳು ಕಡಲತಡಿಯ ಸುಡುವ ಹೊಯಿಗೆಯ ಮೇಲೆ ಬರಿಗಾಲಲ್ಲಿ ನಡೆದೇಬಿಟ್ಟಳು.